ಬ್ಯಾಂಡಿಗೊಬ್ಬ ಬೇಸಿಸ್ಟ್ ಬೇಕು

ರಾಕ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಮೂವರಿಂದ ಆರು ಮಂದಿ ಇರುತ್ತಾರೆ, ಒಂದೊಂದು ಜಾಗಕ್ಕೆ ಒಬ್ಬೊಬ್ಬರು. ದೊಡ್ಡ ಆರ್ಕೆಸ್ಟ್ರಾದ ವಯಲಿನ್ ಸಾಲಿನಲ್ಲಿ ಒಬ್ಬರು ಬಾರದಿದ್ದರೆ ಕೇಳುಗರಿಗೆ ಗೊತ್ತಾಗದೆ ಹೋಗಬಹುದು. ನಾಲ್ವರ ಬ್ಯಾಂಡಿನಲ್ಲಿ ಡ್ರಮ್ಮರ್ ಬಿಟ್ಟುಹೋದರೆ ಆವತ್ತಿನಿಂದಲೇ ಕಾರ್ಯಕ್ರಮ ನಿಲ್ಲುತ್ತದೆ. ತೆರವಾದ ಜಾಗಕ್ಕೆ ಬರಲು ಬಯಸುವವರನ್ನು ಕರೆಸಿ, ಜೊತೆಗೆ ನುಡಿಸಿ ನೋಡಿ, ಒಬ್ಬರನ್ನು ಸೇರಿಸಿಕೊಳ್ಳುವ ಕ್ರಮಕ್ಕೆ ಆಡಿಷನ್ ಎನ್ನುತ್ತಾರೆ. ಹೊರಗಿನವರಿಗೆ ಇದು ಕೈಚಳಕದ ಪರೀಕ್ಷೆಯಂತೆ ಕಾಣುತ್ತದೆ. ಕೈಚಳಕ ಬೇಕೇ ಬೇಕು, ಆದರೆ ಅದನ್ನು ಮೊದಲ ಹತ್ತು ನಿಮಿಷದಲ್ಲೇ ಅಳೆದುಬಿಡಬಹುದು. ಉಳಿದ ಸಮಯವೆಲ್ಲ ಇನ್ನೊಂದು ಪ್ರಶ್ನೆಗೆ ಮೀಸಲು: ಪಕ್ಕದವರು ನುಡಿಸುತ್ತಿರುವುದು ಬಂದವರ ಕಿವಿಗೆ ಬೀಳುತ್ತಿದೆಯೇ, ಬಿದ್ದ ಮೇಲೆ ಅವರ ನುಡಿಕೆ ಅದಕ್ಕೆ ತಕ್ಕಂತೆ ಬದಲಾಗುತ್ತಿದೆಯೇ?

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಹಾಡುವವರೂ ಪಕ್ಕವಾದ್ಯದವರೂ ವೇದಿಕೆಯ ಮೇಲೆಯೇ ಮೊದಲ ಬಾರಿ ಭೇಟಿಯಾಗಿ, ಎರಡೂವರೆ ಗಂಟೆ ಸೊಗಸಾಗಿ ನಡೆಸಿಕೊಡುವುದುಂಟು. ರಾಗ, ತಾಳ, ಕೃತಿಗಳು ಎಲ್ಲರಿಗೂ ಮೊದಲೇ ಗೊತ್ತಿರುವ ಸಂಪತ್ತಾದ್ದರಿಂದ ಅದು ಸಾಧ್ಯ. ರಾಕ್ ಬ್ಯಾಂಡಿಗೆ ಆ ಅನುಕೂಲವಿಲ್ಲ. ಅದರ ಹಾಡುಗಳು ಅದು ತಾನೇ ಕಟ್ಟಿಕೊಂಡವು. ಎರಡನೇ ಚರಣದಲ್ಲಿ ಗಿಟಾರ್ ಎಲ್ಲಿ ಸುಮ್ಮನಾಗಬೇಕು, ಕೊನೆಯ ಕೋರಸ್‌ಗೆ ಮೊದಲು ಡ್ರಮ್ಸ್ ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಹೆಚ್ಚಿನ ಬ್ಯಾಂಡುಗಳು ಬರೆದಿಟ್ಟಿರುವುದಿಲ್ಲ, ನೆನಪಿನಲ್ಲಿಟ್ಟಿರುತ್ತವೆ. ಹೊಸಬರು ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಲಾರರು. ಹಾಗಾಗಿ ಆಡಿಷನ್ ಎಂದರೆ ಇವತ್ತಿನ ನುಡಿಕೆಯನ್ನು ಕೇಳಿ ಆರು ತಿಂಗಳ ನಂತರದ ನುಡಿಕೆಯನ್ನು ಅಂದಾಜು ಮಾಡುವ ಕೆಲಸ.

ಬೆಂಗಳೂರಿನಲ್ಲಿ ಇದಕ್ಕೆ ಏನೇನು ಒದಗಿಬರಬೇಕು ಎಂಬುದನ್ನು ತಿಳಿಯಲು ಕಮ್ಮನಹಳ್ಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಲಿಂಗರಾಜಪುರ, ಬಾಣಸವಾಡಿ, ಕಲ್ಯಾಣನಗರ, ಎಚ್‌ಆರ್‌ಬಿಆರ್ ಬಡಾವಣೆಗಳ ನಡುವಿನ ಈ ಪ್ರದೇಶದಲ್ಲಿ ದಂಡು ಪ್ರದೇಶದಿಂದ ಹರಡಿಕೊಂಡ ಕ್ರೈಸ್ತ ಕುಟುಂಬಗಳಿವೆ, ತಮಿಳು, ಮಲಯಾಳ ಮಾತಾಡುವ ಹಳೆಯ ನಿವಾಸಿಗಳಿದ್ದಾರೆ, ಈಶಾನ್ಯ ರಾಜ್ಯಗಳಿಂದ ಓದಲು, ದುಡಿಯಲು ಬಂದ ಯುವಕ ಯುವತಿಯರಿದ್ದಾರೆ, ಆಫ್ರಿಕಾದ ವಿದ್ಯಾರ್ಥಿಗಳಿದ್ದಾರೆ. ಮುಖ್ಯರಸ್ತೆಯ ಸಂತ ಹತ್ತನೇ ಪಿಯುಸ್ ಚರ್ಚ್ ಮತ್ತು ಸುತ್ತಲಿನ ಚಿಕ್ಕಪುಟ್ಟ ಪ್ರಾರ್ಥನಾ ಸಭೆಗಳಲ್ಲಿ ಭಾನುವಾರ ಗಿಟಾರ್, ಕೀಬೋರ್ಡ್ ನುಡಿಸುವವರು ಬೇಕಾಗುತ್ತಾರೆ. ಕಾಯರ್‌ನಲ್ಲಿ ಬೆಳೆದ ಮಕ್ಕಳಿಗೆ ತಮ್ಮ ಸ್ವರವನ್ನು ಬಿಡದೆ ಪಕ್ಕದವರ ಬೇರೆ ಸ್ವರವನ್ನು ಕೇಳಿಸಿಕೊಳ್ಳುವ ಅಭ್ಯಾಸ ಚಿಕ್ಕಂದಿನಲ್ಲೇ ಬಂದಿರುತ್ತದೆ. ಬ್ಯಾಂಡಿಗೆ ಬೇಕಾದ ಕಿವಿ ಅದೇ. ನಗರದ ಹಳೆಯ ರಾಕ್ ಬ್ಯಾಂಡುಗಳಲ್ಲಿ ಒಂದಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತನ್ನ ಸಂಗೀತ ಶಾಲೆ ‘ಟಾಕಡೆಮಿ’ಯನ್ನು ತೆರೆದದ್ದೂ ಕಮ್ಮನಹಳ್ಳಿಯಲ್ಲಿಯೇ. ಪಾಠ ಕಲಿಯುವವರು, ಕಲಿಸುವವರು, ಬ್ಯಾಂಡ್ ಕಟ್ಟುವವರು ಒಂದೇ ಮೆಟ್ಟಿಲ ಮೇಲೆ ಎದುರಾಗುವ ಇಂಥ ಕಡೆ ಎಷ್ಟೋ ಆಯ್ಕೆಗಳು ಆಡಿಷನ್ ಎಂಬ ಹೆಸರಿಲ್ಲದೆಯೇ ನಡೆದುಹೋಗುತ್ತವೆ.

ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನ ಚರಿತ್ರೆಯೇ ಈ ವಿಷಯಕ್ಕೆ ಒಳ್ಳೆಯ ಪಾಠ. 1996ರಲ್ಲಿ ಹುಟ್ಟಿದ ಈ ಬ್ಯಾಂಡಿನಲ್ಲಿ ಗಾಯನ, ಗಿಟಾರ್‌ನ ಬ್ರೂಸ್ ಲೀ ಮಣಿ ಮತ್ತು ಡ್ರಮ್ಸ್‌ನ ರಾಜೀವ್ ರಾಜಗೋಪಾಲ್ ಕದಲದೆ ಉಳಿದರು. ಬೇಸ್ ಗಿಟಾರ್‌ನ ಜಾಗ ಮಾತ್ರ ಕೈ ಬದಲಿಸುತ್ತ ಬಂತು. ಮೊದಲು ರೂಡ್ ಡೇವಿಡ್ ಇದ್ದರು. 2012ರ ಮೂರು ಸಿಡಿಗಳ ಆಲ್ಬಂ ‘3 ವೀಲ್ಸ್ 9 ಲೈವ್ಸ್’ ಬಂದಾಗ ಪ್ರಕಾಶ್ ಕೆ.ಎನ್. ಅವರೊಂದಿಗೆ ಬ್ಯಾಂಡ್ ಮೂವರದಾಗಿತ್ತು. ಮುಂದೆ ಬೇಸ್‌ಗೆ ಲೆಸ್ಲಿ ಚಾರ್ಲ್ಸ್, ಎರಡನೇ ಗಿಟಾರ್‌ಗೆ ಟೋನಿ ದಾಸ್ ಬಂದು ಮತ್ತೆ ನಾಲ್ವರಾದರು. ಮೂವರ ಬ್ಯಾಂಡಿನಲ್ಲಿ ಗಿಟಾರ್ ಸೋಲೊಗೆ ಹೊರಟಾಗ ಹಿಂದೆ ಸ್ವರಮೇಳ ಹಿಡಿಯುವವರು ಯಾರೂ ಇರುವುದಿಲ್ಲ. ಆ ಖಾಲಿಯನ್ನು ಬೇಸ್ ತುಂಬಬೇಕು, ಹೆಚ್ಚು ಸ್ವರ ನುಡಿಸಬೇಕು. ಎರಡನೇ ಗಿಟಾರ್ ಬಂದ ಕೂಡಲೇ ಅದೇ ಬೇಸ್ ಕಡಿಮೆ ನುಡಿಸಬೇಕಾಗುತ್ತದೆ. ಅಂದರೆ ಒಂದೇ ಬ್ಯಾಂಡಿನ ಒಂದೇ ಜಾಗಕ್ಕೆ ಮೂವರಲ್ಲಿ ಒಬ್ಬರಾಗಿ ಸಲ್ಲುವವರು ಬೇರೆ, ನಾಲ್ವರಲ್ಲಿ ಒಬ್ಬರಾಗಿ ಸಲ್ಲುವವರು ಬೇರೆ ಆಗಬಹುದು. ಹೋದವರ ತದ್ರೂಪವನ್ನು ಹುಡುಕುವ ಬ್ಯಾಂಡುಗಳು ಇದನ್ನು ಮರೆಯುತ್ತವೆ.

ತೆರವನ್ನು ತುಂಬಲು ಹೊಸಬರೇ ಬೇಕೆಂದೂ ಇಲ್ಲ. ಬೆಂಗಳೂರಿನ ಹೆವಿ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ 1998ರಲ್ಲಿ ಶುರುವಾಯಿತು. ಬೇಸ್ ನುಡಿಸುತ್ತ ಹಾಡುತ್ತಲೂ ಇದ್ದ ಗಣೇಶ್ ಕೃಷ್ಣಸ್ವಾಮಿ ಹೊರಟಾಗ ಬ್ಯಾಂಡ್ ಹೊಸ ಗಾಯಕನನ್ನು ತರಲಿಲ್ಲ. ಗಿಟಾರ್‌ನ ನೋಲನ್ ಲೂಯಿಸ್ ಅವರೇ ಗಾಯನದ ಹೊಣೆ ಹೊತ್ತರು. ಆ ರೂಪದಲ್ಲೇ ಅದು ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿಬಂತು. ಗಣೇಶ್ ಮುಂದೆ ಬೇವಾರ್ ಸೀ ಬ್ಯಾಂಡಿನ ಗಾಯಕರಾದರು. ದೆಹಲಿಯ ಇಂಡಿಯನ್ ಓಷನ್‌ನದು ಇದಕ್ಕೆ ವಿರುದ್ಧವಾದ ದಾರಿ. ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಎರಡನ್ನೂ ಮಾಡಬಲ್ಲ ಇನ್ನೊಬ್ಬರನ್ನು ಹುಡುಕುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಹಾಡಲು ಹಿಮಾಂಶು ಜೋಶಿ, ತಬಲಾಕ್ಕೆ ತುಹಿನ್ ಚಕ್ರವರ್ತಿ ಬಂದರು. ಒಬ್ಬರ ಜಾಗಕ್ಕೆ ಇಬ್ಬರು.

ರಘು ದೀಕ್ಷಿತ್ ಅವರದು ಮೂರನೆಯ ದಾರಿ. ಅವರ ಮೊದಲ ಬ್ಯಾಂಡ್ ‘ಅಂತರಾಗ್ನಿ’ ಚದುರಿದ ಮೇಲೆ, ವಾದಕರು ಬಂದು ಹೋಗಲು ಬಾಗಿಲು ತೆರೆದಿಟ್ಟ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಹುಟ್ಟಿತು. ಹಾಡು, ಗಾಯನ, ಹೆಸರು ಒಬ್ಬರದೇ ಆದಾಗ ಸದಸ್ಯರು ಬದಲಾದರೂ ಬ್ಯಾಂಡ್ ನಡೆಯುತ್ತದೆ. ಅಲ್ಲಿ ಆಯ್ಕೆ ಸುಲಭ, ಒಬ್ಬರು ಒಪ್ಪಿದರೆ ಸಾಕು. ಎಲ್ಲರೂ ಕೂಡಿ ಹಾಡು ಕಟ್ಟುವ ಬ್ಯಾಂಡಿನಲ್ಲಿ ಎಲ್ಲರೂ ಒಪ್ಪಬೇಕು.

ಜಾಗ ತೆರವಾಗುವುದು ಸಾವಿನಿಂದ, ಜಗಳದಿಂದ ಎಂಬುದು ದೊಡ್ಡ ಹೆಸರಿನ ಬ್ಯಾಂಡುಗಳ ಕಥೆ. ಬೆಂಗಳೂರಿನಲ್ಲಿ ಕಾರಣಗಳು ಸಾಧಾರಣವಾದವು: ಕಾಲೇಜು ಮುಗಿಯಿತು, ಹೈದರಾಬಾದಿಗೆ ವರ್ಗವಾಯಿತು, ಅಮೆರಿಕದಲ್ಲಿ ಓದಲು ಸೀಟು ಸಿಕ್ಕಿತು, ಮಗು ಹುಟ್ಟಿತು. ಇಲ್ಲಿನ ಬ್ಯಾಂಡುಗಳಲ್ಲಿ ಬಹುಪಾಲು ಜನರಿಗೆ ಹಗಲಲ್ಲಿ ಬೇರೆ ಉದ್ಯೋಗವಿದೆ. 2003ರಲ್ಲಿ ಶುರುವಾಗಿ, 2007ರಲ್ಲಿ ಎ.ಆರ್. ರೆಹಮಾನ್ ತೀರ್ಪುಗಾರರಾಗಿದ್ದ ಟಿವಿ ಸ್ಪರ್ಧೆ ಗೆದ್ದ ‘ಅಗಂ’ನ ಸದಸ್ಯರು ವರ್ಷಗಟ್ಟಲೆ ಸಾಫ್ಟ್‌ವೇರ್ ಮುಂತಾದ ಕೆಲಸಗಳ ಜೊತೆಗೇ ಬ್ಯಾಂಡ್ ನಡೆಸಿದರು. ನುಡಿಸುವ ಜಾಗಗಳೂ ಸ್ಥಿರವಲ್ಲ. ಲೈವ್ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಇಂದಿರಾನಗರದ ಹಲವು ಪಬ್‌ಗಳಲ್ಲಿ ಬ್ಯಾಂಡಿನ ಸದ್ದು ನಿಂತಿತು. ಅಲ್ಲಿನ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಗಿಗ್, ಅಂದರೆ ವೇದಿಕೆಯ ಕಾರ್ಯಕ್ರಮ, ಕಡಿಮೆಯಾದಾಗ ಒಳ್ಳೆಯ ಡ್ರಮ್ಮರ್ ಒಬ್ಬರೇ ಮೂರು ನಾಲ್ಕು ಬ್ಯಾಂಡಿನಲ್ಲಿ ನುಡಿಸುವುದು ಸಹಜ. ಆಡಿಷನ್‌ಗೆ ಬರುವವರನ್ನು ‘ಬೇರೆ ಬ್ಯಾಂಡ್ ಇದೆಯೇ’ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಇದ್ದೇ ಇರುತ್ತದೆ. ಎರಡು ಕಡೆ ಒಂದೇ ದಿನ ಗಿಗ್ ಬಂದರೆ ಯಾವುದಕ್ಕೆ ಹೋಗುತ್ತೀರಿ ಎಂದು ಕೇಳಬೇಕು.

ಜನರನ್ನು ಹುಡುಕುವ ದಾರಿಗಳು ಕಾಲಕಾಲಕ್ಕೆ ಬದಲಾಗಿವೆ. 1976ರಲ್ಲಿ ಡಬ್ಲಿನ್‌ನ ಮೌಂಟ್ ಟೆಂಪಲ್ ಶಾಲೆಯ ಸೂಚನಾಫಲಕದಲ್ಲಿ ಲ್ಯಾರಿ ಮುಲ್ಲನ್ ಎಂಬ ಹುಡುಗ ಅಂಟಿಸಿದ ಚೀಟಿಯಿಂದ ಯು2 ಹುಟ್ಟಿತು. 2007ರಲ್ಲಿ ಜರ್ನಿ ಬ್ಯಾಂಡಿನ ನೀಲ್ ಶಾನ್ ಯೂಟ್ಯೂಬ್‌ನಲ್ಲಿ ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೇಡಾ ಹಾಡಿದ್ದನ್ನು ಕಂಡು ಅವರನ್ನು ಅಮೆರಿಕಕ್ಕೆ ಆಡಿಷನ್‌ಗೆ ಕರೆಸಿಕೊಂಡರು. ಬೆಂಗಳೂರಿನಲ್ಲಿ ಕಾಲೇಜು ಉತ್ಸವಗಳು, 1996ರಿಂದ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆದುಬಂದ ‘ಫ್ರೀಡಂ ಜ್ಯಾಮ್’, ವಾದ್ಯಗಳ ಅಂಗಡಿಗಳು ಈ ಕೆಲಸ ಮಾಡಿದವು. ಈಗ ಇನ್‌ಸ್ಟಾಗ್ರಾಂ ಮಾಡುತ್ತಿದೆ. ಆದರೂ ಇಂದಿಗೂ ಹೆಚ್ಚು ಭರವಸೆಯ ಮೂಲವೆಂದರೆ ಬಿಟ್ಟುಹೋಗುತ್ತಿರುವ ಸದಸ್ಯರು ಮತ್ತು ಅಭ್ಯಾಸದ ಕೋಣೆಗಳಾದ ಜ್ಯಾಮ್ ರೂಮ್ ನಡೆಸುವವರು. ಬಿಟ್ಟುಹೋಗುವವರಿಗೆ ಆ ಜಾಗದ ಕಷ್ಟವೇನೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಜ್ಯಾಮ್ ರೂಮಿನವರಿಗೆ ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರು ಬಾಡಿಗೆ ಬಾಕಿ ಇಡುತ್ತಾರೆ ಎಂಬುದೂ ಗೊತ್ತು.

ಕರೆಯುವ ಮೊದಲು ಬ್ಯಾಂಡ್ ತನ್ನೊಳಗೇ ಕೂತು ಮಾತಾಡಿಕೊಳ್ಳಬೇಕು. ವಾರಕ್ಕೆ ಎಷ್ಟು ಅಭ್ಯಾಸ, ಸ್ವಂತ ಹಾಡುಗಳೋ ಬೇರೆಯವರ ಹಾಡುಗಳ ಕವರ್‌ಗಳೋ, ಗಿಗ್‌ನ ಹಣ ಹೇಗೆ ಹಂಚಿಕೆ, ಮುಂದಿನ ವರ್ಷ ರೆಕಾರ್ಡಿಂಗ್ ಇದೆಯೇ ಎಂಬುದನ್ನೆಲ್ಲ ಪ್ರಕಟಣೆಯಲ್ಲೇ ಹೇಳಿದರೆ ಅರ್ಧದಷ್ಟು ಜನ ಅಲ್ಲೇ ಹಿಂದೆ ಸರಿಯುತ್ತಾರೆ, ಎರಡೂ ಕಡೆಯವರ ಸಮಯ ಉಳಿಯುತ್ತದೆ. ಬಂದ ಅರ್ಜಿಗಳಲ್ಲಿ ಐದಾರು ಜನರನ್ನು ಆರಿಸಲು ಫೋನಿನಲ್ಲಿ ರೆಕಾರ್ಡ್ ಮಾಡಿದ ಒಂದು ಹಾಡು ಸಾಕು. ಅದನ್ನು ಹೆಸರು, ಚಿತ್ರ ನೋಡದೆ ಕೇಳುವುದು ಒಳ್ಳೆಯದು. 1970ರ ದಶಕದಿಂದ ಅಮೆರಿಕದ ಆರ್ಕೆಸ್ಟ್ರಾಗಳು ಪರದೆಯ ಹಿಂದೆ ಕೂರಿಸಿ ಆಡಿಷನ್ ಮಾಡತೊಡಗಿದವು. ಅದರಿಂದ ಮಹಿಳೆಯರ ಆಯ್ಕೆ ಹೆಚ್ಚಿತೆಂದು ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. 1970ರ ದಶಕದಲ್ಲೇ ಬೆಂಗಳೂರಿನ ಹ್ಯೂಮನ್ ಬಾಂಡೇಜ್ ಬ್ಯಾಂಡಿನಲ್ಲಿ ರಾಧಾ ಥಾಮಸ್ ಹಾಡುತ್ತಿದ್ದರು. ಹೀಗಿದ್ದೂ ಹೆಣ್ಣುಮಗಳೆಂದರೆ ಗಾಯಕಿಯೇ ಇರಬೇಕು ಎಂಬ ಎಣಿಕೆ ಇನ್ನೂ ಹೋಗಿಲ್ಲ. ಡ್ರಮ್ಸ್ ನುಡಿಸುವ ಹುಡುಗಿಗೆ ಮೊದಲ ಸುತ್ತಿನಲ್ಲಾದರೂ ನ್ಯಾಯ ಸಿಗಬೇಕಾದರೆ ಬರೀ ಸದ್ದನ್ನು ಕೇಳುವ ಈ ಕ್ರಮ ನೆರವಾಗುತ್ತದೆ.

ಆರಿಸಿದವರಿಗೆ ವಾರ ಹತ್ತು ದಿನ ಮೊದಲು ಎರಡು ಹಾಡು ಕಳಿಸುವುದು ವಾಡಿಕೆ. ಒಂದು ಎಲ್ಲರಿಗೂ ಗೊತ್ತಿರುವ ಕವರ್, ಇನ್ನೊಂದು ಬ್ಯಾಂಡಿನದೇ ಹಾಡು. ಕವರ್‌ನಿಂದ ಕೈ ಎಷ್ಟು ಪಳಗಿದೆ ಎಂದು ತಿಳಿಯುತ್ತದೆ, ಸ್ವಂತ ಹಾಡಿನಿಂದ ಎಷ್ಟು ಶ್ರದ್ಧೆಯಿಂದ ಕಲಿತು ಬಂದಿದ್ದಾರೆ ಎಂದು. ಹತ್ತು ಹಾಡು ಕಳಿಸುವುದು ತಪ್ಪು. ಉದ್ಯೋಗದಲ್ಲಿರುವವರು ಅಷ್ಟನ್ನು ಕಲಿಯಲಾರರು. ಕಡೆಗೆ ಹೊರಗೆ ಬೀಳುವವರು ಬಿಡುವಿಲ್ಲದವರೇ ಹೊರತು ನುಡಿಸಲು ಬಾರದವರಲ್ಲ.

ಇನ್ನು ಜ್ಯಾಮ್ ರೂಮ್. ಕಮ್ಮನಹಳ್ಳಿಯಂಥ ಕಡೆ ಅದು ಮನೆಗಳ ನಡುವೆ ಇರುವುದೇ ಹೆಚ್ಚು. ಗೋಡೆಗೆ ಫೋಮ್ ಬಡಿದ, ಕಿಟಕಿ ಮುಚ್ಚಿದ ಕೋಣೆ, ಗಂಟೆ ಲೆಕ್ಕದ ಬಾಡಿಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ. ಡ್ರಮ್ ಸೆಟ್ಟಿನ ಪಕ್ಕದಲ್ಲಿ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಹಾಗಾಗಿ ಆಡಿಷನ್‌ಗಳು ಶನಿವಾರ, ಭಾನುವಾರದ ಹಗಲಿನಲ್ಲೇ ನಡೆಯುತ್ತವೆ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆಗಿಂತ ಕಡಿಮೆ ಇಡಬಾರದು. ಮೊದಲ ಹಾಡು ಪೂರ್ತಿ ಅಂಜಿಕೆಯಲ್ಲೇ ಕಳೆಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ದೊಡ್ಡತನ ಮಾತ್ರವಲ್ಲ, ಜಾಣತನ ಕೂಡ.

ವಾದ್ಯದಿಂದ ವಾದ್ಯಕ್ಕೆ ಕೇಳಬೇಕಾದದ್ದು ಬೇರೆ ಬೇರೆ. ಡ್ರಮ್ಮರ್‌ನಲ್ಲಿ ಮೊದಲು ಲಯ. ನಿಮಿಷಕ್ಕೆ 120 ಹೊಡೆತದಲ್ಲಿ ಶುರುವಾದ ಹಾಡು ಕೋರಸ್ ಹೊತ್ತಿಗೆ 128ಕ್ಕೆ ಏರಿದರೆ ಗಾಯಕರಿಗೆ ಉಸಿರು ತೆಗೆಯಲು ಜಾಗ ಇರುವುದಿಲ್ಲ. ಗತಿ ತಪ್ಪುವುದು ಸಾಮಾನ್ಯವಾಗಿ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಫಿಲ್‌ಗಳಲ್ಲಿ. ಕೈ ತುಂಬ ಹೊಡೆತ ತುರುಕುವ ಉತ್ಸಾಹದಲ್ಲಿ ಮುಂದಿನ ಸಮ ಬೇಗ ಬಂದುಬಿಡುತ್ತದೆ. ಇದನ್ನು ಹಿಡಿಯಲು ಒಂದು ಸರಳ ಉಪಾಯವುಂಟು: ಹಾಡಿನ ನಡುವೆ ಉಳಿದವರೆಲ್ಲ ಎಂಟು ಆವರ್ತ ಸುಮ್ಮನಿದ್ದು, ಡ್ರಮ್ಸ್ ಒಂದೇ ನಡೆಯುವಾಗ ಮನಸ್ಸಿನಲ್ಲಿ ಎಣಿಸಿಕೊಂಡು ಮತ್ತೆ ಸೇರುವುದು. ಎರಡನೆಯದು ಸದ್ದಿನ ಏರಿಳಿತ. ಚಿಕ್ಕ ಕೋಣೆಯಲ್ಲೂ ಮೆಲ್ಲಗೆ ನುಡಿಸಿ ಹಾಡಿನ ಬಿಸಿ ಉಳಿಸಿಕೊಳ್ಳಬಲ್ಲವರು ಅಪರೂಪ. ಸಿಕ್ಕರೆ ಬಿಡಬಾರದು. ಏಳು ಮಾತ್ರೆಯ ಹಾಡುಗಳಿರುವ ಬ್ಯಾಂಡಿಗೆ ನಮ್ಮ ಕಡೆ ಒಂದು ಅನುಕೂಲವಿದೆ. ಮೃದಂಗವನ್ನೋ ಖಂಜಿರವನ್ನೋ ಸ್ವಲ್ಪವಾದರೂ ಕಲಿತವರಿಗೆ ಮಿಶ್ರಛಾಪು ಮೈಗೂಡಿರುತ್ತದೆ. ಪಾಶ್ಚಾತ್ಯ ಪಾಠದಲ್ಲೇ ಬೆಳೆದವರು ಎಣಿಸಿಕೊಂಡು ನುಡಿಸುವುದನ್ನು ಇವರು ನಡಿಗೆಯಂತೆ ನುಡಿಸುತ್ತಾರೆ.

ಬೇಸ್ ಗಿಟಾರ್ ಅರ್ಥವಾಗದ ಬ್ಯಾಂಡುಗಳು ಅದಕ್ಕೆ ಎರಡನೇ ದರ್ಜೆಯ ಗಿಟಾರ್ ವಾದಕನನ್ನು ಕೂರಿಸುತ್ತವೆ. ಅದರ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಕಂಪನಗಳದು. ಆ ತಗ್ಗನ್ನು ಫೋನಿನ ಸ್ಪೀಕರ್ ಹೇಳಲಾರದು, ಕೇಳುಗರೂ ಹೆಸರಿಟ್ಟು ಗುರುತಿಸಲಾರರು. ಇಲ್ಲದಾಗ ಮಾತ್ರ ಹಾಡು ಬಡವಾಗಿದೆ ಎನಿಸುತ್ತದೆ. ಆಡಿಷನ್‌ನಲ್ಲಿ ಗಮನಿಸಬೇಕಾದದ್ದು, ಬೇಸ್‌ನ ಸ್ವರವೂ ಡ್ರಮ್ಮರ್‌ನ ಬಲಗಾಲಿನ ಹೊಡೆತವೂ ಒಂದೇ ಗಳಿಗೆಯಲ್ಲಿ ಬೀಳುತ್ತಿವೆಯೇ ಎಂಬುದನ್ನು. ಸ್ವರ ಎಲ್ಲಿ ಶುರುವಾಗುತ್ತದೆ ಎಂಬಷ್ಟೇ, ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಒಳ್ಳೆಯ ಬೇಸಿಸ್ಟ್ ಸ್ವರವನ್ನು ಕತ್ತರಿಸುವ ಕಡೆಯೇ ಹಾಡಿಗೆ ನಡೆ ಬರುತ್ತದೆ. ಕಣ್ಣು ಬೆರಳಿನ ಮೇಲೋ ಡ್ರಮ್ಮರ್‌ನ ಮೇಲೋ ಎಂದು ನೋಡಿದರೂ ಬಹಳಷ್ಟು ತಿಳಿಯುತ್ತದೆ.

ಗಿಟಾರ್‌ಗೆ ಬರುವವರು ಯಾವಾಗಲೂ ಹೆಚ್ಚು, ಆರಿಸುವುದೂ ಹೆಚ್ಚು ಕಷ್ಟ, ಏಕೆಂದರೆ ಎಲ್ಲರೂ ಸೋಲೊ ಸಿದ್ಧಪಡಿಸಿಕೊಂಡೇ ಬರುತ್ತಾರೆ. ಐದು ನಿಮಿಷದ ಹಾಡಿನಲ್ಲಿ ಸೋಲೊ ಅರ್ಧ ನಿಮಿಷ. ಉಳಿದ ನಾಲ್ಕೂವರೆ ನಿಮಿಷ ಗಿಟಾರ್ ಹಿನ್ನೆಲೆಯಲ್ಲಿ ಇರಬೇಕು. ಹಾಗಾಗಿ ಮೊದಲು ಹಿನ್ನೆಲೆಯನ್ನು ಕೇಳಬೇಕು, ಗಾಯಕರು ಹಾಡುವಾಗ ವಾಲ್ಯೂಮ್ ತಾನಾಗಿ ಇಳಿಯುತ್ತದೆಯೇ ನೋಡಬೇಕು. ಕೀಬೋರ್ಡ್‌ಗೂ ಇದೇ ಮಾತು.

ಗಾಯಕರ ಆಯ್ಕೆಯಲ್ಲಿ ಬ್ಯಾಂಡ್ ತನ್ನ ಹಾಡುಗಳನ್ನೂ ಬದಲಿಸಲು ಸಿದ್ಧವಿರಬೇಕು. ಹೊಸ ಕಂಠಕ್ಕೆ ಹಳೆಯ ಶ್ರುತಿ ಹೊಂದದಿರಬಹುದು. ಗಂಡುದನಿಗೆ ಕಟ್ಟಿದ ಹಾಡನ್ನು ಹೆಣ್ಣುದನಿ ಹಾಡುವಾಗ ನಾಲ್ಕೈದು ಸ್ವರ ಸರಿಸಬೇಕಾಗುತ್ತದೆ. ಆಗ ಗಿಟಾರ್‌ನ ಬಿಡಿ ತಂತಿಗಳ ನಾದ ತಪ್ಪಿ ಹಾಡಿನ ಬಣ್ಣವೇ ಬೇರೆಯಾಗುತ್ತದೆ. ಮೂಲ ಶ್ರುತಿಯಲ್ಲೇ ಹಾಡಿ ಎಂದು ಪಟ್ಟು ಹಿಡಿದು ಒಳ್ಳೆಯ ಕಂಠಗಳನ್ನು ಕಳೆದುಕೊಂಡ ಬ್ಯಾಂಡುಗಳಿವೆ. ಎತ್ತರದ ಸ್ವರ ಮುಟ್ಟುವುದನ್ನು ಆರಂಭದಲ್ಲಿ ಕೇಳಿ ಬೆರಗಾಗುವ ಬದಲು ಕೊನೆಯ ಹತ್ತು ನಿಮಿಷದಲ್ಲಿ ಮತ್ತೊಮ್ಮೆ ಹಾಡಿಸಬೇಕು. ಗಿಗ್‌ನಲ್ಲಿ ಆ ಸ್ವರ ಒಂದೂವರೆ ಗಂಟೆಯ ನಂತರವೂ ಬೇಕಾಗುತ್ತದೆ. ಕನ್ನಡದಲ್ಲಿ ಹಾಡುವ ಬ್ಯಾಂಡಿಗೆ ಇನ್ನೊಂದು ಕಷ್ಟವಿದೆ. ಇಂಗ್ಲಿಷ್ ರಾಕ್ ಹಾಡಿ ಅಭ್ಯಾಸವಾದ ಬಾಯಿ ಕನ್ನಡದ ದೀರ್ಘ ಸ್ವರಗಳನ್ನು ಮೊಟಕುಗೊಳಿಸುತ್ತದೆ, ಒತ್ತಕ್ಷರಗಳನ್ನು ಸಡಿಲಿಸುತ್ತದೆ, ಳಕಾರವನ್ನು ಲಕಾರ ಮಾಡುತ್ತದೆ. ಶಿಶುನಾಳ ಶರೀಫರ ಪದಗಳನ್ನು ರಾಕ್ ವೇದಿಕೆಗೆ ತಂದವರ ಹಾಡುಗಳು ಹಳ್ಳಿಯಲ್ಲೂ ಸಂದದ್ದಕ್ಕೆ ಮಾತು ಸ್ಪಷ್ಟವಾಗಿದ್ದದ್ದೂ ಒಂದು ಕಾರಣ. ಇದನ್ನು ಕೇಳಿ ತೀರ್ಮಾನಿಸಲು ಬ್ಯಾಂಡಿನಲ್ಲಿ ಒಬ್ಬರಿಗಾದರೂ ಕನ್ನಡದ ಕಿವಿ ಇರಬೇಕು.

ಹಾಡು ಮುಗಿದ ಮೇಲಿನ ಭಾಗವೇ ಆಡಿಷನ್‌ನ ತಿರುಳು. ಅದೇ ಹಾಡನ್ನು ಸ್ವಲ್ಪ ನಿಧಾನಕ್ಕೆ, ಎರಡನೇ ಚರಣದಲ್ಲಿ ಅರ್ಧದಷ್ಟೇ ನುಡಿಸಿ ಎಂದು ಕೇಳಬೇಕು. ಸೂಚನೆ ಸರಿಯೋ ತಪ್ಪೋ ಅದು ಮುಖ್ಯವಲ್ಲ. ಕೆಲವರು ಕೇಳಿ ತಲೆಯಾಡಿಸಿ ಮೊದಲಿನಂತೆಯೇ ನುಡಿಸುತ್ತಾರೆ. ಕೆಲವರು ಹೇಳಿದಷ್ಟನ್ನೇ ಮಾಡುತ್ತಾರೆ. ಕೆಲವರು ಹೇಳಿದ್ದನ್ನು ಮಾಡಿ, ‘ಹೀಗೂ ಆಗಬಹುದಲ್ಲವೇ’ ಎಂದು ಮೂರನೆಯದೊಂದನ್ನು ತೋರಿಸುತ್ತಾರೆ. ಬ್ಯಾಂಡ್ ಕಾಯುತ್ತಿರುವುದು ಇವರಿಗಾಗಿ. ಆಮೇಲೆ ಏನನ್ನೂ ಗೊತ್ತುಮಾಡದೆ ಹತ್ತು ನಿಮಿಷ ಜ್ಯಾಮ್ ಮಾಡಬೇಕು. ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂಬುದು ಅಲ್ಲಿ ಮರೆಯಾಗಿರುವುದಿಲ್ಲ.

ಇಂಥ ಹಂತಹಂತದ ಆಡಿಷನ್ ಅನ್ನು ಕಣ್ಣಾರೆ ನೋಡಬಯಸುವವರಿಗೆ ಡ್ರೀಮ್ ಥಿಯೇಟರ್ ಬ್ಯಾಂಡಿನ ವಿಡಿಯೊ ದಾಖಲೆ ಇದೆ. 2010ರ ಸೆಪ್ಟೆಂಬರ್‌ನಲ್ಲಿ ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಬಿಟ್ಟ ಮೇಲೆ ಆ ಬ್ಯಾಂಡ್ ಏಳು ಮಂದಿಯನ್ನು ನ್ಯೂಯಾರ್ಕಿಗೆ ಕರೆಸಿತು. ಮೊದಲು ಗೊತ್ತುಮಾಡಿದ ಮೂರು ಹಾಡು, ನಂತರ ಜ್ಯಾಮ್, ಕೊನೆಗೆ ಅಲ್ಲೇ ಕೊಟ್ಟ ಅಡ್ಡಾದಿಡ್ಡಿ ಲೆಕ್ಕದ ಗಿಟಾರ್ ತುಣುಕುಗಳನ್ನು ಕಲಿತು ನುಡಿಸುವುದು. ಏಳೂ ಮಂದಿ ಜಗತ್ತಿನ ಶ್ರೇಷ್ಠ ಡ್ರಮ್ಮರ್‌ಗಳ ಸಾಲಿನವರು, ಕೈಚಳಕದಲ್ಲಿ ಯಾರನ್ನೂ ತಳ್ಳಿಹಾಕುವಂತಿರಲಿಲ್ಲ. ಆಯ್ಕೆಯಾದ ಮೈಕ್ ಮ್ಯಾಂಜಿನಿ ಆಗ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಅಧ್ಯಾಪಕರು. ಹದಿಮೂರು ವರ್ಷದ ನಂತರ, 2023ರಲ್ಲಿ, ಪೋರ್ಟ್‌ನಾಯ್ ಮರಳಿ ಬಂದಾಗ ಮ್ಯಾಂಜಿನಿ ಜಾಗ ಬಿಟ್ಟರು. ಅಷ್ಟು ಎಚ್ಚರದಿಂದ ಮಾಡಿದ ಆಯ್ಕೆಯೂ ಶಾಶ್ವತವೇನಲ್ಲ. ಆದರೆ ಅಷ್ಟು ವರ್ಷ ಬ್ಯಾಂಡ್ ನಡೆಯಿತು. ಆಯ್ಕೆಯಿಂದ ಅಪೇಕ್ಷಿಸಬಹುದಾದದ್ದು ಅಷ್ಟೇ.

ತೀರಿಕೊಂಡವರ ಜಾಗಕ್ಕೆ ಬರುವವರ ಪಾಡು ಬೇರೆ. 1980ರ ಫೆಬ್ರುವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡಾಗ ಎಸಿ/ಡಿಸಿ ಬ್ಯಾಂಡ್ ಲಂಡನ್ನಿನಲ್ಲಿ ಬ್ರಯಾನ್ ಜಾನ್ಸನ್ ಅವರನ್ನು ಹಾಡಿಸಿ ನೋಡಿತು. ಜುಲೈ ಹೊತ್ತಿಗೆ ಹೊಸ ಗಾಯಕನೊಂದಿಗೆ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂತು. ಜಾನ್ಸನ್ ಅವರನ್ನು ಸ್ಕಾಟ್‌ನ ಹಾಗೆ ಹಾಡಿಸದೆ, ಅವರ ದನಿಗೇ ಹೊಸ ಹಾಡುಗಳನ್ನು ಕಟ್ಟಿದ್ದು ಫಲ ಕೊಟ್ಟಿತು. ಮೆಟಾಲಿಕಾ ನಡೆದುಕೊಂಡದ್ದು ಹಾಗಲ್ಲ. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬೇಸಿಸ್ಟ್ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಹಲವರನ್ನು ಕೇಳಿ ಜೇಸನ್ ನ್ಯೂಸ್ಟೆಡ್ ಅವರನ್ನು ಸೇರಿಸಿಕೊಂಡರು. 1988ರ ಆಲ್ಬಂನಲ್ಲಿ ಅವರ ಬೇಸ್ ಕೇಳಿಸುವುದೇ ಇಲ್ಲ ಎನ್ನುವಷ್ಟು ತಗ್ಗಿಸಲಾಗಿತ್ತು. 2001ರಲ್ಲಿ ಅವರು ಹೊರಟರು. ಎರಡು ವರ್ಷದ ನಂತರ ರಾಬರ್ಟ್ ಟ್ರುಹಿಯೊ ಅವರನ್ನು ಆರಿಸಿದಾಗ ಬ್ಯಾಂಡ್ ಹತ್ತು ಲಕ್ಷ ಡಾಲರ್ ಮುಂಗಡದೊಂದಿಗೆ ಪೂರ್ಣ ಸದಸ್ಯತ್ವ ಕೊಟ್ಟಿತು. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಬೇಸ್ ಹಿಡಿದಿದ್ದವರು ಅವರೇ. ಸೇರಿಸಿಕೊಂಡ ಮೇಲೂ ಅತಿಥಿಯಂತೆ ನಡೆಸಿಕೊಂಡರೆ ಎಷ್ಟು ಚೆನ್ನಾಗಿ ಆರಿಸಿದ್ದರೂ ಪ್ರಯೋಜನವಿಲ್ಲ ಎಂಬುದಕ್ಕೆ ನ್ಯೂಸ್ಟೆಡ್ ಕಳೆದ ವರ್ಷಗಳು ಸಾಕ್ಷಿ.

ನುಡಿಸುವುದು ಮುಗಿದ ಮೇಲೆ ಚಹಾ ಕುಡಿಯುತ್ತ ಕೂತು ಕೇಳುವ ಪ್ರಶ್ನೆಗಳೂ ಆಡಿಷನ್‌ನ ಭಾಗವೇ. ಮನೆ ಎಲ್ಲಿ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ವಾರದ ನಡುವಿನ ಸಂಜೆ ಕಮ್ಮನಹಳ್ಳಿಗೆ ಅಭ್ಯಾಸಕ್ಕೆ ಬರುತ್ತೇನೆ ಎಂದರೆ ನಂಬಿಕೆಯಿಂದಲೇ ಹೇಳಿರುತ್ತಾರೆ. ಹೊರವರ್ತುಲ ರಸ್ತೆಯ ದಟ್ಟಣೆ ಆ ನಂಬಿಕೆಯನ್ನು ಎರಡು ತಿಂಗಳಲ್ಲಿ ಕರಗಿಸುತ್ತದೆ. ವಾದ್ಯ ಸ್ವಂತದ್ದೇ? ರಾತ್ರಿ ಒಂದು ಗಂಟೆಗೆ ಮುಗಿಯುವ ಗಿಗ್‌ಗೆ ಮನೆಯಲ್ಲಿ ಒಪ್ಪಿಗೆ ಇದೆಯೇ? ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ನುಡಿಸಬೇಕಾದವರಿಗೆ ಶನಿವಾರ ರಾತ್ರಿ ಮೈಸೂರಿನ ಕಾರ್ಯಕ್ರಮ ಆಗುತ್ತದೆಯೇ? ಇಂಥವು ಕ್ಷುಲ್ಲಕವೆನಿಸಿದರೂ ಬ್ಯಾಂಡುಗಳು ಒಡೆಯುವುದು ಹೆಚ್ಚಾಗಿ ಇವುಗಳಿಂದಲೇ. ಬಂದವರೂ ಬ್ಯಾಂಡನ್ನು ಕೇಳಬೇಕು: ಹಿಂದಿನವರು ಏಕೆ ಬಿಟ್ಟರು, ಹಣದ ಲೆಕ್ಕ ಯಾರು ಇಡುತ್ತಾರೆ? ಕೇಳದವರಿಗಿಂತ ಕೇಳುವವರು ಹೆಚ್ಚು ದಿನ ಉಳಿಯುತ್ತಾರೆ.

ತೀರ್ಮಾನವನ್ನು ಅಂದೇ ಹೇಳದೆ, ಎಲ್ಲರ ಆಡಿಷನ್ನೂ ಮುಗಿದ ಮೇಲೆ ಅಲ್ಲಿ ಮಾಡಿಕೊಂಡ ರೆಕಾರ್ಡಿಂಗ್‌ಗಳನ್ನು ಕೇಳಿ ಮಾಡುವುದು ಕ್ಷೇಮ. ಕೋಣೆಯಲ್ಲಿ ಚುರುಕಾಗಿ ಕಂಡ ನುಡಿಕೆ ರೆಕಾರ್ಡಿಂಗ್‌ನಲ್ಲಿ ಅವಸರದ್ದಾಗಿ ಕೇಳಿಸುವುದುಂಟು. ಬಹುಮತಕ್ಕಿಂತ ಒಮ್ಮತ ಮೇಲು. ಒಬ್ಬ ಸದಸ್ಯರಿಗೆ ಬಲವಾದ ಆಕ್ಷೇಪವಿದ್ದರೆ ಮೂವರ ಮೆಚ್ಚುಗೆ ಅದನ್ನು ಮುಚ್ಚಲಾರದು, ಏಕೆಂದರೆ ನಾಳೆ ಆಕ್ಷೇಪಿಸಿದವರೂ ಹೊಸಬರೂ ಒಂದೇ ವೇದಿಕೆಯಲ್ಲಿ ನಿಲ್ಲಬೇಕು. ಆಯ್ಕೆಯಾಗದವರಿಗೆ ಒಂದು ವಾರದೊಳಗೆ, ಕಾರಣದ ಜೊತೆ ತಿಳಿಸಬೇಕು. ಬೆಂಗಳೂರಿನ ಸಂಗೀತ ಲೋಕ ಚಿಕ್ಕದು. ಇವತ್ತು ಬೇಡವೆಂದ ಡ್ರಮ್ಮರ್ ನಾಳೆ ತುರ್ತಿಗೆ ಬದಲಿಯಾಗಿ ಬೇಕಾಗಬಹುದು. ಅದಕ್ಕೂ ಮಿಗಿಲಾಗಿ, ವಾರವಿಡೀ ಹಾಡು ಕಲಿತು, ವಾದ್ಯ ಹೊತ್ತು ಬಂದವರಿಗೆ ಉತ್ತರವನ್ನೇ ಕೊಡದಿರುವುದು ಅವಮಾನ.

ಆಯ್ಕೆಯಾದವರೊಂದಿಗೆ ಬರಹದಲ್ಲಿ ಒಂದು ಪುಟದ ಒಪ್ಪಂದ ಮಾಡಿಕೊಳ್ಳುವ ರೂಢಿ ನಮ್ಮಲ್ಲಿ ಕಡಿಮೆ, ಅದು ಬೆಳೆಯಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯ ಬರೆದವರ ಹಕ್ಕು ಬೇರೆ, ಸಂಗೀತ ಕಟ್ಟಿದವರದು ಬೇರೆ, ನುಡಿಸಿದವರದು ಬೇರೆ. ಹಳೆಯ ಹಾಡುಗಳಲ್ಲಿ ಹೊಸಬರಿಗೆ ರಚನೆಯ ಪಾಲು ಇರುವುದಿಲ್ಲ. ಅವರು ಬಂದ ಮೇಲೆ ಎಲ್ಲರೂ ಕೂಡಿ ಕಟ್ಟಿದ ಹಾಡುಗಳಲ್ಲಿ ಎಷ್ಟು ಪಾಲು, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಬ್ಯಾಂಡಿನ ಹೆಸರು ಯಾರದು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡುವುದು ಸುಲಭ.

ಮೊದಲ ಮೂರು ಗಿಗ್‌ಗಳನ್ನು ಪರೀಕ್ಷೆಯ ಅವಧಿ ಎಂದು ಎರಡೂ ಕಡೆಯವರು ಒಪ್ಪಿಕೊಳ್ಳುವುದು ವಾಡಿಕೆ. ಮೊದಲ ಗಿಗ್‌ನಲ್ಲಿ ಹೊಸಬರಿಗೆ ಹೆಚ್ಚು ಪಳಗಿದ ಎರಡು ಹಾಡುಗಳನ್ನು ಆರಂಭಕ್ಕೇ ಇಟ್ಟು, ಕಷ್ಟದವುಗಳನ್ನು ನಡುವಿಗೆ ಸರಿಸುತ್ತಾರೆ. ಸೆಟ್ ಲಿಸ್ಟನ್ನು ಏಳೆಂಟು ಹಾಡಿಗೆ ಇಳಿಸುತ್ತಾರೆ. ಮಿಕ್ಸರ್‌ನಿಂದ ತೆಗೆದ ರೆಕಾರ್ಡಿಂಗನ್ನು ಮುಂದಿನ ಅಭ್ಯಾಸದಲ್ಲಿ ಎಲ್ಲರೂ ಕೂತು ಕೇಳಿ, ಎಲ್ಲಿ ಹೊಸಬರು ಹಿಂದೆ ಬಿದ್ದರು, ಎಲ್ಲಿ ಹಳಬರು ಅವರನ್ನು ಬಿಟ್ಟು ಓಡಿದರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಎರಡನೇ ಗಿಗ್‌ಗೆ ಸೆಟ್ ಲಿಸ್ಟ್ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ.